ಹಳೆಯ ಬಿಲ್ಲೆ

ಮಾರ್ಚ್ 3, ಮಂಗಳವಾರ

ಇವತ್ತಿನಿಂದ ಹದಿನಾಲ್ಕು ದಿನ ಬಾಯಿಗೆ ಬೀಗ. ಗಂಡನಿಗೂ ಹೇಳುವಂತಿಲ್ಲ, ಅತ್ತೆಗೂ ಹೇಳುವಂತಿಲ್ಲ. ಮಾತು ಹೊಟ್ಟೆಯಲ್ಲಿ ಇಟ್ಟುಕೊಂಡರೆ ನನಗೆ ಅಜೀರ್ಣವಾಗುತ್ತದೆ, ಅದಕ್ಕೇ ಈ ನೋಟ್‌ಬುಕ್ಕು. ಇವರು ಕಟ್ಟುಹಲ್ಲು ಮಾಡುವ ಕೋಣೆಯ ಕೆಳಗಿನ ಡ್ರಾಯರಿನಲ್ಲಿ, ಯಾರೂ ವಾಪಸು ಕೇಳದ ಹಳೆಯ ಹಲ್ಲುಸೆಟ್ಟುಗಳ ಅಡಿಯಲ್ಲಿ ಇಡುತ್ತೇನೆ. ಅಲ್ಲಿಗೆ ಕೈ ಹಾಕುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

ಬೆಳಿಗ್ಗೆ ಟೀ ಮುಗಿಯುವ ಮೊದಲೇ ಪತ್ರ ಬಂತು. ಎಲ್ಲೋ ದೂರದಲ್ಲಿ ಕೂತು ಊರವರ ಕೋಡ್‌ನಲ್ಲಿ ತೂತು ಹುಡುಕುವುದನ್ನೇ ಕಸುಬು ಮಾಡಿಕೊಂಡ ಒಬ್ಬಾತ ಬರೆದದ್ದು. ಕರ್ನಲ್‌ನಲ್ಲಿ, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ಪ್ರೋಗ್ರಾಂನಲ್ಲಿ, ಅದರಲ್ಲೂ ನಾನು ನೋಡಿಕೊಳ್ಳುವ ಮೆಮೊರಿ ವಿಭಾಗದಲ್ಲಿ, ತೂತಿದೆಯಂತೆ. ಯಾವ ಅಧಿಕಾರವೂ ಇಲ್ಲದ ಸಾಮಾನ್ಯ ಬಳಕೆದಾರ ಎರಡೇ ನಿಮಿಷದಲ್ಲಿ ಇಡೀ ಯಂತ್ರದ ಯಜಮಾನನಾಗಿಬಿಡಬಹುದು. ಮಾಡಿ ತೋರಿಸುವ ಪುಟ್ಟ ಪ್ರೋಗ್ರಾಂ ಕೂಡ ಜೊತೆಗಿಟ್ಟಿದ್ದ. ನನ್ನ ಮೇಜಿನ ಮೇಲಿನ ಯಂತ್ರದಲ್ಲಿ ಓಡಿಸಿ ನೋಡಿದೆ. ಎರಡು ನಿಮಿಷ ಬೇಕಾಗಲಿಲ್ಲ, ನಲವತ್ತು ಸೆಕೆಂಡು ಸಾಕಾಯಿತು.

17ನೇ ತಾರೀಖು ಮಧ್ಯಾಹ್ನ ಹನ್ನೆರಡಕ್ಕೆ ವಿಷಯ ಬಹಿರಂಗವಾಗುತ್ತದೆ. ಅಷ್ಟರೊಳಗೆ ದುರಸ್ತಿ ತಯಾರಾಗಿ, ಅದೇ ಗಳಿಗೆಗೆ ಎಲ್ಲರ ಕೈಗೂ ಸಿಗಬೇಕು. ಆಸ್ಪತ್ರೆ, ರೈಲ್ವೆ, ನೀರಿನ ಸರಬರಾಜು, ಎಲ್ಲ ಕಡೆ ಓಡುವುದು ಇದೇ ಕರ್ನಲ್. ಮೊದಲೇ ಒಂದು ಪದ ಹೊರಬಿದ್ದರೂ ಕಳ್ಳರಿಗೆ ನಾವೇ ಬಾಗಿಲು ತೆಗೆದ ಹಾಗೆ. ಸದ್ಯಕ್ಕೆ ಗೊತ್ತಿರುವುದು ಆತನಿಗೆ, ನನಗೆ, ಮತ್ತು ಪ್ರಶ್ನೆಪತ್ರಿಕೆಗೆ.

ಪ್ರಶ್ನೆಪತ್ರಿಕೆ ಎಂದರೆ ಆರು ತಿಂಗಳ ಹಿಂದೆ ನಮ್ಮಲ್ಲಿ ಸೇರಿಕೊಂಡ ಸಹೋದ್ಯೋಗಿ. ಹದಿನೈದು ವರ್ಷ ಲಿಫ್ಟುಗಳಿಗೆ ಪ್ರೋಗ್ರಾಂ ಬರೆದಾಕೆ. ಬಾಯಿ ತೆರೆದರೆ ಪ್ರಶ್ನೆ. ಹೆಸರು ಇಟ್ಟದ್ದು ನಾನೇ, ಮುಖಕ್ಕೆ ಹೇಳಿಲ್ಲ.

ಸಂಜೆ ಅತ್ತೆ ಬಾಗಿಲು ತಟ್ಟಿ, ಅರ್ಧ ತಲೆ ಒಳಗೆ ಹಾಕಿ, "ಬೈಬೇಡಮ್ಮ, ಒಂದೇ ಒಂದು ಕೇಳ್ತೀನಿ. ಬಟ್ಟೆ ಮಿಶಿನ್ ಏನೋ ಅಕ್ಷರ ತೋರಿಸ್ತಾ ನಿಂತುಬಿಟ್ಟಿದೆ" ಎಂದರು.

"ಅದರ ಪುಸ್ತಕ ಕೊಟ್ಟಿದ್ದಾರಲ್ಲ ಅತ್ತೆ, ಅದನ್ನ ಓದಿ" ಎಂದೆ. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಬಟ್ಟೆ ಕೈಯಲ್ಲೇ ಒಗೆದರೆಂದು ಕಾಣುತ್ತದೆ.

ಮಾರ್ಚ್ 4, ಬುಧವಾರ

ದೋಷ ಮಧ್ಯಾಹ್ನದೊಳಗೆ ಸಿಕ್ಕಿತು. ಇರಬೇಕಾಗಿದ್ದ ಒಂದು ಸಾಲು ಇಲ್ಲ, ಅಷ್ಟೇ.

ಅತ್ತೆ ಮೂವತ್ತು ವರ್ಷ ರೈಲು ನಿಲ್ದಾಣದ ಲಗೇಜ್ ಕೊಠಡಿಯಲ್ಲಿ ಕೆಲಸ ಮಾಡಿದವರು. ಪೆಟ್ಟಿಗೆ ಇಟ್ಟವರಿಗೆ ಹಿತ್ತಾಳೆ ಬಿಲ್ಲೆ, ಬಿಲ್ಲೆ ತಂದವರಿಗೆ ಪೆಟ್ಟಿಗೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಕೆಲಸ ಏನೆಂದು ಕೇಳಿದಾಗ ಅವರದ್ದೇ ಭಾಷೆಯಲ್ಲಿ ಹೇಳಿದ್ದೆ: ಮೆಮೊರಿ ಎಂದರೆ ನಿಮ್ಮ ಗೂಡುಗಳು, ಕರ್ನಲ್ ಎಂದರೆ ಕೌಂಟರಿನಲ್ಲಿ ಕೂತ ನೀವು. ಒಂದು ಗೂಡನ್ನು ನಾಲ್ಕಾರು ಜನ ಹಂಚಿಕೊಂಡಿರಬಹುದು, ಹಾಗಾಗಿ ಹೊರಗೆ ಎಷ್ಟು ಬಿಲ್ಲೆ ಇವೆ ಎಂದು ಎಣಿಸುತ್ತಿರಬೇಕು. ಎಲ್ಲ ಬಿಲ್ಲೆಗಳೂ ವಾಪಸು ಬಂದ ಮೇಲೆಯೇ ಗೂಡು ಇನ್ನೊಬ್ಬರಿಗೆ. "ಇದಕ್ಕೆ ಅಷ್ಟೊಂದು ಓದ್ಬೇಕಿತ್ತಾ?" ಎಂದಿದ್ದರು ಅತ್ತೆ.

ಈಗ ಆಗಿರುವುದು ಇಷ್ಟು. ಒಂದು ದಾರಿಯಲ್ಲಿ ಬಿಲ್ಲೆ ಕೊಡುತ್ತೇವೆ, ಎಣಿಸುವುದಿಲ್ಲ. ಗೂಡು ಖಾಲಿಯೆಂದು ತಿಳಿದ ಕರ್ನಲ್ ಅದರಲ್ಲಿ ಯಜಮಾನನ ಕಾಗದಪತ್ರ ಇಡುತ್ತದೆ. ಹಳೆಯ ಬಿಲ್ಲೆ ಜೇಬಿನಲ್ಲಿಟ್ಟುಕೊಂಡವನು ಬಂದು ಅದೇ ಗೂಡನ್ನು ತೆರೆಯುತ್ತಾನೆ.

ಯಾವ ಸಾಲನ್ನು ಯಾರು, ಯಾವಾಗ ಬದಲಿಸಿದರೆಂದು ತೋರಿಸುವ ಆಜ್ಞೆಯೊಂದಿದೆ, ನಮ್ಮವರು ಅದನ್ನು ಬ್ಲೇಮ್ ಎನ್ನುತ್ತಾರೆ. ಯಾವನೋ ಸಿಗುತ್ತಾನೆ, ಸರಿಯಾಗಿ ಬೈಯಬೇಕು ಎಂದು ತೋಳೇರಿಸಿಕೊಂಡೇ ಒತ್ತಿದೆ. ನನ್ನ ಹೆಸರು ಬಂತು. ಹದಿನೆಂಟು ವರ್ಷದ ಹಿಂದಿನ ತಾರೀಖು. ಪಕ್ಕದಲ್ಲಿ ನನ್ನದೇ ಟಿಪ್ಪಣಿ: "ಇಲ್ಲಿ ಎಣಿಕೆ ಅನಗತ್ಯ. ತೆಗೆದರೆ ಶೇಕಡಾ ಎರಡರಷ್ಟು ವೇಗ ಹೆಚ್ಚುತ್ತದೆ."

ಸಮ್ಮೇಳನಗಳಲ್ಲಿ ನನ್ನನ್ನು ಪರಿಚಯಿಸುವಾಗ "ಇವರ ವಿಭಾಗದಲ್ಲಿ ಇವತ್ತಿನವರೆಗೆ ಒಂದು ತೂತೂ ಸಿಕ್ಕಿಲ್ಲ" ಎನ್ನುತ್ತಾರೆ. ನಾನು ತಲೆ ತಗ್ಗಿಸಿ ನಗುತ್ತೇನೆ. ನೋಡುವವರು ಅದನ್ನು ವಿನಯ ಎಂದುಕೊಳ್ಳುತ್ತಾರೆ.

ಇವತ್ತು ನಾಚಿಕೆಯಾಯಿತು. ಬರೆದಿಡುತ್ತೇನೆ, ಆಯಿತು.

ಮಾರ್ಚ್ 6, ಶುಕ್ರವಾರ

ದುರಸ್ತಿ ಮುಗಿಯಿತು. ಏಳೇ ಸಾಲು, ಚೊಕ್ಕವಾಗಿದೆ. ನಮ್ಮ ಗುಟ್ಟಿನ ಅಂಚೆಯಲ್ಲಿ ಪ್ರಶ್ನೆಪತ್ರಿಕೆಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಪ್ರಶ್ನೆ ಹಾಜರು. ಅರ್ಧದಾರಿಯಲ್ಲಿ ಏನೋ ಕೆಟ್ಟು ಹಿಂದಿರುಗಬೇಕಾಗಿ ಬಂದರೆ, ಒಂದೇ ಬಿಲ್ಲೆ ಎರಡು ಸಲ ವಾಪಸು ಬಂತೆಂದು ಎಣಿಕೆಯಾಗುವುದಿಲ್ಲವೇ ಎಂದು.

ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. "ಮೊದಲು ಕೋಡ್ ಓದಿ, ಆಮೇಲೆ ಪ್ರಶ್ನೆ ಕೇಳಿ" ಎಂದು ಬರೆದು ಕಳಿಸಿದೆ. ಆಮೇಲೆ ಆ ಕಡೆಯಿಂದ ಸದ್ದಿಲ್ಲ. ಹಾಯಾಗಿ ಕೆಲಸ ಮಾಡಿದೆ.

ಹದಿನಾರು ಯಂತ್ರಗಳಲ್ಲಿ ಪರೀಕ್ಷೆಗೆ ಹಚ್ಚಿ ಬಂದಿದ್ದೇನೆ.

ಮಾರ್ಚ್ 7, ಶನಿವಾರ

ಹನ್ನೊಂದು ಗಂಟೆ ಓಡಿದ ಮೇಲೆ ಮೂರು ಯಂತ್ರ ಮಕಾಡೆ ಮಲಗಿವೆ. ಕಾರಣ: ಒಂದೇ ಬಿಲ್ಲೆ ಎರಡು ಸಲ ವಾಪಸು.

ಮಾರ್ಚ್ 8, ಭಾನುವಾರ

ಬೆಳಿಗ್ಗೆ ಇವರ ಕೋಣೆಯಲ್ಲಿ ಸುಮ್ಮನೆ ಕೂತಿದ್ದೆ. ಗಚ್ಚಿನ ವಾಸನೆ, ಸಣ್ಣ ಗರಗಸದ ಸದ್ದು, ಸಾಲಾಗಿ ಬಾಯಿ ತೆರೆದು ಕೂತ ಅಚ್ಚುಗಳು. ನಿವೃತ್ತ ವಾರ್ತಾವಾಚಕರೊಬ್ಬರು ನಾಲ್ಕನೇ ಸಲ ಬಂದಿದ್ದರು. ಹೊಸ ಹಲ್ಲು ಹಾಕಿಕೊಂಡು 'ಸ' ಎಂದರೆ ಸೀಟಿ ಬರುತ್ತದಂತೆ. "ಸಮಸ್ತ" ಎಂದು ಹೇಳಿ ತೋರಿಸಿದರು, ರೈಲು ಹೊರಟ ಹಾಗಿತ್ತು. ಇವರು ನಗಲಿಲ್ಲ. ಸೆಟ್ಟು ತೆಗೆದುಕೊಂಡು ಮತ್ತೆ ಅರ ಹಿಡಿದು ಉಜ್ಜಲು ಕೂತರು.

ಅವರು ಹೋದ ಮೇಲೆ ಕೇಳಿದೆ, "ಅಳತೆ ಸರಿಯಾಗೇ ಇದೆ ಅಂತ ನೀವೇ ಹೇಳ್ತಿದ್ರಲ್ಲ. ಹಾಗಂತ ಹೇಳಿ ಕಳಿಸ್ಬಾರ್ದಿತ್ತಾ?"

"ಅಳತೆ ಸರಿಯಿದೆ ಕಣೇ. ಆದ್ರೆ ಬಾಯಿ ಅವರದು" ಎಂದರು. "ಸೀಟಿ ಬರ್ತಿದೆ ಅಂದ್ರೆ ಬರ್ತಿದೆ. ವಾದ ಮಾಡಿದ್ರೆ ನಿಲ್ಲುತ್ತಾ?"

ಮಧ್ಯಾಹ್ನ ನಮ್ಮ ಇಮೇಲ್ ಲಿಸ್ಟಿನ ಹಳೆಯ ಪತ್ರಗಳನ್ನು ತೆಗೆದೆ. ನಮ್ಮ ಕೆಲಸವೆಲ್ಲ ಈ ಬಹಿರಂಗ ಪತ್ರಗಳಲ್ಲೇ ನಡೆಯುವುದು. ಯಾರು ಬೇಕಾದರೂ ಓದಬಹುದು, ಯಾರೂ ಅಳಿಸಲಾರರು. ಎಣಿಕೆ ತೆಗೆದ ದಿನ ನನ್ನ ತಲೆಯಲ್ಲಿ ಏನಿತ್ತೆಂದು ನೋಡಬೇಕಿತ್ತು.

ಅಲ್ಲಿ ನಿಧಾನಿಯ ಪತ್ರವಿತ್ತು. ನಮ್ಮ ಜೊತೆಗೇ ಕೆಲಸ ಮಾಡುತ್ತಿದ್ದವರು, ಇಪ್ಪತ್ತು ಸಾಲು ಓದಲು ಎರಡು ದಿನ ತೆಗೆದುಕೊಳ್ಳುತ್ತಿದ್ದರು. ಆ ಅಡ್ಡಹೆಸರೂ ನಾನಿಟ್ಟದ್ದೇ. ಅವರು ಎರಡೇ ಸಾಲು ಬರೆದಿದ್ದರು: "ಒಬ್ಬರು ಬಿಟ್ಟುಹೋಗುವ ಕ್ಷಣದಲ್ಲೇ ಇನ್ನೊಬ್ಬರು ಹಿಡಿದುಕೊಂಡರೆ? ಎಣಿಕೆ ಇಲ್ಲದಿದ್ದರೆ ಅದು ಹೇಗೆ ಗೊತ್ತಾಗುತ್ತದೆ?"

ಮೊನ್ನೆ ದೂರದಿಂದ ಬಂದ ಪತ್ರದಲ್ಲಿ ಹನ್ನೆರಡು ಪುಟ ವಿವರಿಸಿದ್ದು ಇದನ್ನೇ.

ಅದರ ಕೆಳಗೆ ನನ್ನ ಉತ್ತರ. "ಮೊದಲು ಕೋಡ್ ಓದಿ, ಆಮೇಲೆ ಪ್ರಶ್ನೆ ಕೇಳಿ." ಅಕ್ಷರ ಅಕ್ಷರವೂ ಶುಕ್ರವಾರ ಬರೆದದ್ದೇ. ಅದಾದ ಮೇಲೆ ಈ ಹದಿನೆಂಟು ವರ್ಷದಲ್ಲಿ ಲಿಸ್ಟಿನಲ್ಲಿ ನಿಧಾನಿಯ ಹೆಸರಿನ ಒಂದು ಪತ್ರವೂ ಇಲ್ಲ. ಹುಡುಕಿ ನೋಡಿದೆ, ಎರಡು ಸಲ.

ಊಟ ಸೇರಲಿಲ್ಲ. "ಬಾಯಿ ರುಚಿ ಕೆಟ್ಟಿದೆ" ಎಂದೆ. "ತೋರಿಸು, ಹಲ್ಲೇನಾದ್ರೂ ಅಲ್ಲಾಡ್ತಿದ್ಯಾ?" ಎಂದರು ಇವರು.

ಮಾರ್ಚ್ 9, ಸೋಮವಾರ

ಪ್ರಶ್ನೆಪತ್ರಿಕೆಯ ಮೇಜಿನ ಹತ್ತಿರ ಹೋಗಿ, "ನಿಮ್ಮ ಪ್ರಶ್ನೆ ಸರಿಯಿತ್ತು. ನನ್ನ ಉತ್ತರ ಸರಿ ಇರಲಿಲ್ಲ" ಎಂದೆ. ಇಷ್ಟು ಹೇಳಲು ಮೆಟ್ಟಿಲ ಹತ್ತಿರ ಎರಡು ಸಲ ಅಭ್ಯಾಸ ಮಾಡಿದ್ದೆ.

ಆಕೆ ತಬ್ಬಿಬ್ಬಾದಳು. "ಅಯ್ಯೋ ಬಿಡಿ ಮೇಡಂ. ನಾನು ಓದೇ ಕೇಳಿದ್ದೆ. ಲಿಫ್ಟ್ ಕೆಲಸದ ಅಭ್ಯಾಸ. ಮಧ್ಯದಲ್ಲಿ ನಿಂತರೆ ಒಳಗೆ ಜನ ಇರ್ತಾರಲ್ಲ, ಅದಕ್ಕೆ ಅರ್ಧದಾರಿಯಲ್ಲಿ ಏನಾಗುತ್ತೆ ಅನ್ನೋದೇ ಮೊದಲು ತಲೆಗೆ ಬರೋದು."

ಕುರ್ಚಿ ಎಳೆದುಕೊಂಡು ಅಲ್ಲೇ ಕೂತೆ. ಸಂಜೆಯವರೆಗೆ ಇಬ್ಬರೂ ಒಂದೇ ಪರದೆ ನೋಡಿದೆವು. ಇಪ್ಪತ್ತಮೂರು ಪ್ರಶ್ನೆ ಕೇಳಿದಳು, ಲೆಕ್ಕ ಇಟ್ಟೆ. ಅದರಲ್ಲಿ ಹದಿನೇಳು ಅನವಶ್ಯಕ. ಉಳಿದ ಆರಕ್ಕೆ ನನ್ನ ಏಳು ಸಾಲು ಹತ್ತೊಂಬತ್ತು ಸಾಲಾಯಿತು. ಮೊದಲಿನಷ್ಟು ಚೊಕ್ಕವಾಗಿಲ್ಲ. ಬೀಳುವುದಿಲ್ಲ ಎಂದು ಕಾಣುತ್ತದೆ.

ಮಾರ್ಚ್ 12, ಗುರುವಾರ

ಅರವತ್ತೆಂಟು ಗಂಟೆಯಾಯಿತು, ಹದಿನಾರೂ ಯಂತ್ರ ಓಡುತ್ತಲೇ ಇವೆ. ಖುಷಿಯಾಗಿದೆ. ಪ್ರಶ್ನೆಪತ್ರಿಕೆ ಮನೆಯಿಂದ ಕೇಕು ತಂದಿದ್ದಳು. ಯಾಕೆಂದು ಪಕ್ಕದ ಮೇಜಿನವರು ಕೇಳಿದರೆ ಹೇಳುವಂತಿಲ್ಲವಲ್ಲ, ಇಬ್ಬರೂ ಒಟ್ಟಿಗೆ "ಹುಟ್ಟುಹಬ್ಬ" ಎಂದೆವು. ಯಾರದೆಂದು ಕೇಳಿದಾಗ ಒಬ್ಬರು ಇನ್ನೊಬ್ಬರನ್ನು ತೋರಿಸಿದೆವು. ನಗು ತಡೆಯಲಾಗದೆ ಫೈಲಿನಿಂದ ಮುಖ ಮುಚ್ಚಿಕೊಂಡೆ.

ಮಾರ್ಚ್ 14, ಶನಿವಾರ

ಹಣ್ಣಿನ ಅಂಗಡಿಯ ಮುಂದೆ ಯಾರೋ ಒಬ್ಬರು ಮರದ ಪೆಟ್ಟಿಗೆಯಿಂದ ಹಿತ್ತಾಳೆಯ ತೂಕದ ಬಟ್ಟುಗಳನ್ನು ಒಂದೊಂದಾಗಿ ತೆಗೆದು ತಕ್ಕಡಿಗೆ ಇಡುತ್ತಿದ್ದರು. ಇಟ್ಟು, ಮುಳ್ಳು ನಿಲ್ಲುವವರೆಗೆ ಕಾದು, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡುತ್ತಿದ್ದರು. ಕನ್ನಡಕ ಒರೆಸುವ ರೀತಿಯಲ್ಲೇ ಗುರುತು ಸಿಕ್ಕಿತು. ನಿಧಾನಿ. ಕೂದಲು ಪೂರ್ತಿ ಬೆಳ್ಳಗಾಗಿದೆ.

"ಅರೆ, ಮೆಮೊರಿ ಮೇಡಂ! ಇನ್ನೂ ಅದೇ ಕೆಲಸಾನಾ?"

"ಅದೇ. ನೀವೇನು ಇಲ್ಲಿ?"

"ಅಂಗಡಿ ತಕ್ಕಡಿ ಪರೀಕ್ಷೆ ಮಾಡಿ ಮುದ್ರೆ ಒತ್ತೋ ಕೆಲಸ. ಒಂದಕ್ಕೆ ಅರ್ಧ ಗಂಟೆ ತಗೊಂಡ್ರೂ ಇಲ್ಲಿ ಯಾರೂ ಬೈಯಲ್ಲ."

"ಬೈತೀವಿ ಸಾರ್, ಮನಸ್ಸಲ್ಲೇ" ಎಂದ ಹಣ್ಣಿನವನು.

ಮೂವರೂ ನಕ್ಕೆವು. ನಗು ಮುಗಿದ ಮೇಲೆ ಕೇಳಿಯೇಬಿಟ್ಟೆ. "ಲಿಸ್ಟ್ ಬಿಟ್ಟು ಯಾಕೆ ಹೋದ್ರಿ?"

ಇನ್ನೊಂದು ಸಲ ಕನ್ನಡಕ ಒರೆಸಿಕೊಂಡರು. "ನಾನೊಂದು ಪ್ರಶ್ನೆ ಕೇಳಿದ್ದೆ. ನಿಮಗೆ ನೆನಪಿರಲ್ಲ. ಕೋಡ್ ಓದಿ ಅಂದ್ರಿ. ಮೂರು ವಾರ ಅದನ್ನೇ ಹಿಡ್ಕೊಂಡು ಕೂತೆ, ಆಮೇಲೂ ಅದೇ ಪ್ರಶ್ನೆ ಉಳೀತು. ಎಲ್ಲರಿಗೂ ಗೊತ್ತಾಗೋದು ನನಗೊಬ್ಬನಿಗೆ ಗೊತ್ತಾಗ್ತಿಲ್ಲ ಅಂದ್ರೆ ಈ ಕೆಲಸ ನನ್ನ ಕೈಲಾಗೋದಲ್ಲ ಅನ್ನಿಸ್ತು." ಬಟ್ಟನ್ನು ಪೆಟ್ಟಿಗೆಯಲ್ಲಿ ಅದರದ್ದೇ ಗುಂಡಿಗೆ ಇಟ್ಟರು. "ಬೇಜಾರೇನಿಲ್ಲ ಮೇಡಂ, ಈ ಕೆಲಸ ಚೆನ್ನಾಗಿದೆ. ಲಿಸ್ಟಿನ ಪತ್ರ ಮಾತ್ರ ಇವತ್ತಿಗೂ ಓದ್ತೀನಿ, ಬೆಳಿಗ್ಗೆ ಟೀ ಜೊತೆ. ಚಟ ಬಿಡಲ್ಲ."

ನಿಮ್ಮ ಪ್ರಶ್ನೆ ಸರಿಯಿತ್ತು. ಮೂರೇ ಪದ, ನಾಲಿಗೆಯ ತುದಿಯಲ್ಲೇ ಇತ್ತು. ಇನ್ನೂ ಮೂರು ದಿನ ಹೇಳುವಂತಿಲ್ಲ. ಪೆಚ್ಚು ಮೋರೆ ಹಾಕಿಕೊಂಡು ನಿಂತೆ. ಅವರು ಆಗಷ್ಟೇ ಮುದ್ರೆ ಒತ್ತಿದ ತಕ್ಕಡಿಯಲ್ಲಿ, ಬೇಡದಿದ್ದರೂ ಮೂರು ಕಿಲೋ ಕಿತ್ತಳೆ ತೂಗಿಸಿಕೊಂಡು ಬಂದೆ.

"ಯಾರಿಗೆ ಇಷ್ಟೊಂದು?" ಎಂದರು ಅತ್ತೆ. ಗೊತ್ತಿಲ್ಲ ಎಂದೆ. ಅಳು ಬರುವ ಹಾಗಿತ್ತು.

ಮಾರ್ಚ್ 15, ಭಾನುವಾರ

ದುರಸ್ತಿಯ ಜೊತೆ ಒಂದು ಟಿಪ್ಪಣಿ ಹೋಗುತ್ತದೆ. ಯಾವ ಬದಲಾವಣೆಯಿಂದ ದೋಷ ಬಂತು, ಯಾರು ಕಂಡುಹಿಡಿದರು, ಯಾರು ಪರಿಶೀಲಿಸಿದರು. ಒಬ್ಬೊಬ್ಬರ ಹೆಸರಿಗೂ ಒಂದೊಂದು ಸಾಲು. ಅದು ಕರ್ನಲ್ ಇರುವಷ್ಟು ಕಾಲ ಇರುತ್ತದೆ. ಅಲ್ಲಿ ನಿಧಾನಿಯ ಹೆಸರಿರಬೇಕು. ಇರಲೇಬೇಕು.

ಆದರೆ ಕೇಳದೆ ಯಾರ ಹೆಸರನ್ನೂ ಹಾಕುವಂತಿಲ್ಲ, ಅದು ನಮ್ಮಲ್ಲಿ ಕಟ್ಟುನಿಟ್ಟು. ಕೇಳಬೇಕೆಂದರೆ ಗುಟ್ಟು ಬಿಡಬೇಕು. 17ರ ನಂತರ ಕೇಳೋಣವೆಂದರೆ ಒಮ್ಮೆ ಹೋದ ಟಿಪ್ಪಣಿಯನ್ನು ತಿದ್ದಲು ಬರುವುದಿಲ್ಲ. ಹಾಕದೆ ಬಿಟ್ಟರೆ, ಬುಧವಾರ ಬೆಳಿಗ್ಗೆ ಟೀ ಕುಡಿಯುತ್ತಾ ಓದುತ್ತಾರೆ. ಅದು ತಮ್ಮದೇ ಪ್ರಶ್ನೆ ಎಂದು ಎರಡನೇ ಸಾಲಿಗೇ ಗೊತ್ತಾಗುತ್ತದೆ. ಮತ್ತೆ ಸುಮ್ಮನಾಗುತ್ತಾರೆ.

ಆರು ಕಿತ್ತಳೆ ತಿಂದೆ. ಪರಿಹಾರ ಹೊಳೆಯಲಿಲ್ಲ.

ಮಾರ್ಚ್ 16, ಸೋಮವಾರ

ಹೊಳೆಯಿತು. ಸ್ನಾನ ಮಾಡುವಾಗ.

ಹೆಸರು ಹಾಕಲು ಒಪ್ಪಿಗೆ ಬೇಕು. ಲಿಸ್ಟಿನ ಹಳೆಯ ಪತ್ರಕ್ಕೆ ಕೊಂಡಿ ಕೊಡಲು ಯಾರ ಒಪ್ಪಿಗೆಯೂ ಬೇಡ, ಅದು ಮೊದಲೇ ಬಹಿರಂಗ. ಟಿಪ್ಪಣಿಯಲ್ಲಿ ಹೀಗೆ ಬರೆದೆ: "ಈ ದೋಷವನ್ನು ಹದಿನೆಂಟು ವರ್ಷದ ಹಿಂದೆ, ಬದಲಾವಣೆ ಕರ್ನಲ್ ಸೇರುವ ಮೊದಲೇ, ಒಬ್ಬರು ಸರಿಯಾಗಿ ಗುರುತಿಸಿದ್ದರು. ಅವರ ಪ್ರಶ್ನೆಗೆ ಉತ್ತರಿಸಬೇಕಾಗಿದ್ದು ನಾನು. ಉತ್ತರಿಸಲಿಲ್ಲ." ಅದರ ಕೆಳಗೆ ಪತ್ರದ ಕೊಂಡಿ.

ಪ್ರಶ್ನೆಪತ್ರಿಕೆ ಓದಿದಳು. ಕೊಂಡಿ ತೆರೆದಳು. ಕೆಳಗಿನವರೆಗೂ ಓದಿದಳು.

"ಮೇಡಂ, ಇದನ್ನ ತೆರೆದರೆ ಕೆಳಗೆ ನಿಮ್ಮ ಉತ್ತರಾನೂ ಕಾಣುತ್ತಲ್ಲ?"

"ಕಾಣುತ್ತೆ."

"ಎಲ್ಲರಿಗೂ."

"ಎಲ್ಲರಿಗೂ."

"ನನಗೆ ಬಂದಿದ್ದೂ ಇದೇ ವಾಕ್ಯ ಅಲ್ವಾ?" ಎಂದಳು. ಹೌದೆಂದೆ. "ಹದಿನೆಂಟು ವರ್ಷದಲ್ಲಿ ಒಂದು ಅಲ್ಪವಿರಾಮಾನೂ ಬದಲಾಯಿಸಿಲ್ಲ ನೀವು!" ಎಂದು ನಗಲು ಶುರು ಮಾಡಿದಳು. ನನಗೂ ನಗು ಬಂತು. ಆಮೇಲೆ ಪರಿಶೀಲಿಸಿದವರ ಸಾಲಿನಲ್ಲಿ ತನ್ನ ಹೆಸರು ಸೇರಿಸಿ ಕಳಿಸಿದಳು. ಹೆಸರು ಚೆನ್ನಾಗಿದೆ. ಆರು ತಿಂಗಳಿಂದ ನಾನು ಅದನ್ನು ಕರೆದೇ ಇರಲಿಲ್ಲ. ನಾಳೆಯಿಂದ ಕರೆಯುತ್ತೇನೆ.

ಮಾರ್ಚ್ 17, ಮಂಗಳವಾರ

ಹನ್ನೆರಡಕ್ಕೆ ಸರಿಯಾಗಿ ಬಿಡುಗಡೆ. ಗುಂಡಿ ನಾನೇ ಒತ್ತಿದೆ. ಮೂರು ಗಂಟೆಯ ಹೊತ್ತಿಗೆ ದೊಡ್ಡ ಸಂಸ್ಥೆಗಳೆಲ್ಲ ಹಾಕಿಕೊಂಡವು. ಗುಟ್ಟು ಎಲ್ಲೂ ಸೋರಿರಲಿಲ್ಲ. ದೂರದಿಂದ ಪತ್ರ ಬರೆದಾತ "ಒಳ್ಳೆಯ ಕೆಲಸ" ಎಂದು ಬರೆದ.

ಉಳಿದವರು ಅಷ್ಟು ಸುಮ್ಮನಿರಲಿಲ್ಲ. ಕೊಂಡಿ ತೆರೆದು ನೋಡಿದವರು ನನ್ನ ವಾಕ್ಯವನ್ನು ನನಗೇ ವಾಪಸು ಹೇಳಿದರು. ಒಬ್ಬರು ಅದನ್ನು ಬನಿಯನ್ ಮೇಲೆ ಅಚ್ಚು ಹಾಕಿಸುತ್ತಾರಂತೆ. ಕೆನ್ನೆ ಬಿಸಿಯಾಯಿತು. ಆದರೂ ಊಟ ಸೇರಿತು, ಎರಡನೇ ಸಲ ಬಡಿಸಿಕೊಂಡೆ.

ಬಾಯಿಯ ಬೀಗ ತೆಗೆದು ಮನೆಯಲ್ಲಿ ಎಲ್ಲ ಹೇಳಿದೆ. ಇವರು, "ನೀನು ಸೀಟಿ ಬರ್ತಿದ್ದ ಸೆಟ್ಟು ಕೊಟ್ಟು, ಸರಿಯಾಗಿ ಮಾತಾಡಿ ಅಂತ ಗದರಿದ ಹಾಗಾಯ್ತು" ಎಂದರು. ಅತ್ತೆಗೆ ಬಂದ ಸಿಟ್ಟು ನೋಡಬೇಕಿತ್ತು. "ಬಿಲ್ಲೆ ಎಣಿಸದೆ ಗೂಡು ಕೊಟ್ಯಾ? ನಮ್ಮ ಕೊಠಡೀಲಿ ಆಗಿದ್ರೆ ಅವತ್ತೇ ಸಸ್ಪೆಂಡ್!"

ನಿಧಾನಿಯಿಂದ ಏನೂ ಬಂದಿಲ್ಲ. ಬೆಳಿಗ್ಗೆ ಮಾತ್ರ ಓದುವವರಲ್ಲವೇ. ಐದೈದು ನಿಮಿಷಕ್ಕೆ ಅಂಚೆ ನೋಡುತ್ತಿದ್ದೇನೆ.

ಮಾರ್ಚ್ 18, ಬುಧವಾರ

ಬೆಳಿಗ್ಗೆಯಿಂದ ಏನೂ ಇಲ್ಲ. ಟೀ ಹೊತ್ತು ಕಳೆಯಿತು. ಹತ್ತಾಯಿತು, ಹನ್ನೊಂದಾಯಿತು. ಓದಿ ಸುಮ್ಮನಾದರು ಎಂದುಕೊಂಡೆ. ಆಗಬೇಕಾದ್ದೇ.

ಅತ್ತೆ ಬಾಗಿಲು ತಟ್ಟದೆ ಸೀದಾ ಒಳಗೆ ಬಂದು, "ಮತ್ತೆ ಅದೇ ಅಕ್ಷರ ಕಣಮ್ಮ" ಎಂದರು. ಹೋಗಿ ನೋಡಿದೆವು. ಪುಸ್ತಕ ಓದಿದರೆ ನನಗೂ ತಲೆಬುಡ ತಿಳಿಯಲಿಲ್ಲ. ಇಬ್ಬರೂ ನೆಲದ ಮೇಲೆ ಕೂತು ಮಿಶಿನ್ನಿನ ಕೆಳಗಿನ ಮುಚ್ಚಳ ಬಿಚ್ಚಿದೆವು. ನೀರು ಹರಿದು ಇಬ್ಬರ ಸೀರೆಯೂ ಒದ್ದೆ. ಒಳಗೆ ಒಂದು ಹಿತ್ತಾಳೆ ಬಿಲ್ಲೆ ಸಿಕ್ಕಿಕೊಂಡಿತ್ತು, ಅತ್ತೆ ಕೆಲಸ ಬಿಡುವಾಗ ನೆನಪಿಗೆಂದು ತಂದು ಇಷ್ಟು ವರ್ಷ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದದ್ದು. "ಕಳೆದೇ ಹೋಯ್ತು ಅಂದ್ಕೊಂಡಿದ್ದೆ" ಎಂದು ಕಣ್ಣಿಗೊತ್ತಿಕೊಂಡರು. "ಬಿಲ್ಲೆ ಎಣಿಸದೇ ಇದ್ರೆ ಅವತ್ತೇ ಸಸ್ಪೆಂಡ್, ಅಲ್ವಾ ಅತ್ತೆ?" ಎಂದೆ. ಬೆನ್ನಿಗೆ ಒಂದು ಗುದ್ದು ಬಿತ್ತು.

ಕೈ ಒರೆಸಿಕೊಂಡು ಬಂದು ನೋಡಿದರೆ ಲಿಸ್ಟಿನಲ್ಲಿ ಒಂದು ಹೊಸ ಪತ್ರ. ಹೊಸ ಎಂದರೆ, ಹದಿನೆಂಟು ವರ್ಷದ ಹಿಂದಿನ ಆ ಮಾತುಕತೆಯಲ್ಲೇ, ನನ್ನ ಆ ಒಂದು ಸಾಲಿನ ಕೆಳಗೆ ಬಂದ ಉತ್ತರ.

"ಮೊದಲು ಕೋಡ್ ಓದಿ, ಆಮೇಲೆ ಪ್ರಶ್ನೆ ಕೇಳಿ ಎಂದಿದ್ದಿರಿ. ಓದಿದೆ. ಸ್ವಲ್ಪ ತಡವಾಯಿತು, ಕ್ಷಮಿಸಿ.

"ನಿನ್ನೆಯ ದುರಸ್ತಿ ಚೆನ್ನಾಗಿದೆ. ಒಂದು ಪ್ರಶ್ನೆ. ಈಗ ಎಣಿಸುತ್ತಿದ್ದೀರಿ, ಸರಿ. ಆದರೆ ಯಾರಾದರೂ ಬೇಕೆಂದೇ ಪಡೆಯುತ್ತಲೇ ಹೋಗಿ, ಎಣಿಕೆ ತನ್ನ ಮಿತಿ ದಾಟಿ ಮತ್ತೆ ಸೊನ್ನೆಗೆ ಬಂದುಬಿಟ್ಟರೆ?"

ಹತ್ತೊಂಬತ್ತು ಸಾಲನ್ನೂ ಕಣ್ಣಮುಂದೆ ತಂದುಕೊಂಡೆ. ಸೊನ್ನೆಗೆ ಬಂದರೆ, ಬಿಲ್ಲೆಗಳೆಲ್ಲ ಹೊರಗಿರುವಾಗಲೇ ಗೂಡು ಖಾಲಿ ಎಂದಾಗುತ್ತದೆ. ಆಮೇಲೆ ಎಂಥ ಸಂತೋಷವಾಯಿತೆಂದರೆ, ಒದ್ದೆ ಸೀರೆಯಲ್ಲೇ ಕೂತು ಉತ್ತರ ಬರೆದೆ.

"ಗೊತ್ತಿಲ್ಲ. ಈಗಲೇ ನೋಡಲು ಕೂರುತ್ತೇನೆ. ನೀವೂ ನೋಡಿ, ಎಷ್ಟು ನಿಧಾನವಾದರೂ ಸರಿ, ಕಾಯುತ್ತೇನೆ."